ಗೋಡೆಯ ಮೇಲಿನ ಮೊದಲ ಸೌಟು

ಬೆಳಗಿನ ಅಕ್ಕಿ ಆರಿಸುತ್ತಿದ್ದೆ. ಮೊರದಲ್ಲಿ ಇನ್ನೂ ಅರ್ಧ ಉಳಿದಿತ್ತು. ಸಿಕ್ಕ ಮೂರು ಕಲ್ಲನ್ನು ಹೊಸಿಲ ಪಕ್ಕಕ್ಕೆ ಇಟ್ಟಿದ್ದೆ. ಹಿತ್ತಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ತಂಬಿಗೆ ಬಿದ್ದು ಉರುಳುವ ಸದ್ದು, ಅದರ ಬೆನ್ನಿಗೇ 'ಏನೂ ಆಗಿಲ್ಲಮ್ಮ' ಎನ್ನುವ ತಾರಿಣಿಯ ದನಿ, ಇವೆರಡೂ ನಮ್ಮ ಮನೆಯಲ್ಲಿ ಜೊತೆಯಾಗಿಯೇ ಬರುತ್ತವೆ. ಅವತ್ತು ತಂಬಿಗೆ ಉರುಳಿ ಸುಮ್ಮನಾಯಿತು. ಮಗಳ ದನಿ ಬರಲಿಲ್ಲ.

ಮೊರ ಬಿಟ್ಟು ಓಡಿದೆ. ನೀರಿನ ತೊಟ್ಟಿಯ ಪಕ್ಕ ಬಿದ್ದಿದ್ದಳು. ಒಂದು ಕೈ ಹೊಟ್ಟೆಯ ಅಡಿಗೆ ಸಿಕ್ಕಿತ್ತು, ಇನ್ನೊಂದು ಒದ್ದೆ ಕಲ್ಲಿನ ಮೇಲೆ ಚಾಚಿಕೊಂಡಿತ್ತು. ಆ ಕೈಯ ಐದು ಉಗುರೂ ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಹೆಬ್ಬೆರಳು ಒಣಹುಲ್ಲಿನ ಹಳದಿ, ತೋರುಬೆರಳು ಇಟ್ಟಿಗೆ ಕೆಂಪು, ನಡುಬೆರಳು ಎಳೆ ಹಸಿರು, ಉಂಗುರಬೆರಳು ಮೊಸರಿನ ಬಿಳುಪು, ಕಿರುಬೆರಳಿಗೆ ಎಣ್ಣೆ ಸವರಿದಂಥ ಮೆರುಗು. ನಿನ್ನೆ ಈ ಹುಡುಗಿ ಅನ್ನ, ಬೇಳೆ, ಸೊಪ್ಪು, ಹಾಲು, ಎಣ್ಣೆ ಐದನ್ನೂ ತಿಂದಿದ್ದಾಳೆ ಎಂದು ಕೈ ಹೇಳುತ್ತಿತ್ತು. ಹುಡುಗಿ ಮಾತ್ರ ಕಣ್ಣು ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಜವರಮ್ಮ ಬೇಲಿ ದಾಟಿ ಬಂದರು. ಬಂದವರು ಮಗುವಿನ ಮುಖ ನೋಡಲಿಲ್ಲ, ಕೈ ಎತ್ತಿ ನೋಡಿದರು.

"ತುಂಬಿದ ಕೈ ಕಣೇ ನಿಂಗಿ. ಏನೂ ಆಗಿಲ್ಲ ಬಿಡು. ಯಾರ್ದೋ ಕಣ್ಣು ಬಿದ್ದಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು."

ನಿವಾಳಿಸಿದೆ. ಮೆಣಸಿನಕಾಯಿ ಘಾಟು ಬರಲಿಲ್ಲ, ಹಾಗಾಗಿ ದೃಷ್ಟಿಯೇ ಎಂದು ಜವರಮ್ಮ ತೃಪ್ತಿಯಿಂದ ಹೋದರು. ತಾರಿಣಿ ಎದ್ದು ಕೂತು ನೀರು ಕುಡಿದಳು. ಆಮೇಲೆ ನನ್ನ ಸೆರಗು ಹಿಡಿದು, "ಅಮ್ಮಾ, ಒಂದು ಕೇಳ್ಲಾ?" ಅಂದಳು.

ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಹಿಂದಿನ ವಾರವೂ ತಟ್ಟೆಯ ಮುಂದೆ ಕೂತು ಕೇಳಲು ಹೊರಟಿದ್ದಳು. "ಅದನ್ನ ಕೇಳಬಾರದು ಕಂದ," ಎಂದು ಆಗ ಹೇಳಿದ್ದನ್ನೇ ಈಗಲೂ ಹೇಳಿದೆ.

ನಮ್ಮ ಊರಿನಲ್ಲಿ ನಿನ್ನೆ ತಿಂದದ್ದು ಇವತ್ತು ಉಗುರಿಗೆ ಬಣ್ಣವಾಗಿ ಬರುತ್ತದೆ, ಐದೂ ಬಂದರೆ ತುಂಬಿದ ಕೈ. ಎದುರಾದವರು 'ಏನು ಊಟ?' ಎನ್ನುತ್ತಾರೆ, ಉತ್ತರಕ್ಕೆ ಕೈ ಮುಂದೆ ಮಾಡಿದರೆ ಸಾಕು. ಹೆಣ್ಣು ನೋಡಲು ಬಂದವರು ಮೊದಲು ಕೈ ನೋಡುತ್ತಾರೆ. ಕೂಲಿಗೆ ಕರೆಯುವವರು ಹೆಬ್ಬೆರಳನ್ನೂ ತೋರುಬೆರಳನ್ನೂ ನೋಡುತ್ತಾರೆ. ಏನು ತಿಂದೆ ಎಂದು ಯಾರು ಯಾರನ್ನಾದರೂ ಕೇಳಬಹುದು. ಎಷ್ಟು ತಿಂದೆ ಎಂದು ಮಾತ್ರ ಹೆತ್ತ ತಾಯಿಯೂ ಕೇಳುವಂತಿಲ್ಲ. ತುತ್ತು ಎಣಿಸಿದರೆ ಆಯಸ್ಸು ಸವೆಯುತ್ತದೆ ಎಂದು ನನಗೆ ನನ್ನ ಅವ್ವ ಹೇಳಿದ್ದಳು, ಅವಳಿಗೆ ಅವಳ ಅವ್ವ. 'ಎಷ್ಟು' ಎನ್ನುವುದನ್ನು ಬಟ್ಟೆಗೆ ಕೇಳುತ್ತೇವೆ, ದಾರಿಗೆ ಕೇಳುತ್ತೇವೆ. ತಟ್ಟೆಗೆ ಕೇಳುವುದಿಲ್ಲ.

ನಿವಾಳಿಸಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ನಮ್ಮವರು ಪ್ರತಿ ಅಮಾವಾಸ್ಯೆಗೆ ಇಟ್ಟಿಗೆ ಚೂರಿನಿಂದ ಮಗಳ ಎತ್ತರಕ್ಕೆ ಗೆರೆ ಎಳೆಯುತ್ತಾರೆ. ಅವರು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರು, ಜೇಬಿನಲ್ಲಿ ಚೂರು ಇದ್ದೇ ಇರುತ್ತದೆ. ಕಳೆದ ಹತ್ತು ಗೆರೆ ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟಿಯಾಗಿತ್ತು. ಒಂಬತ್ತು ವರ್ಷದ ಹುಡುಗಿ ಹತ್ತು ತಿಂಗಳಿಂದ ಬೆಳೆದಿರಲಿಲ್ಲ. ಜಡೆ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಬಾಯಿಯ ಎರಡೂ ಕೊನೆ ಒಡೆದು, ಆಕಳಿಸಿದರೆ ರಕ್ತ ಜಿನುಗುತ್ತಿತ್ತು. ಸಂಜೆ ಮಬ್ಬಾದರೆ ಹೊಸಿಲು ಎಡವುತ್ತಿದ್ದಳು. ಇಷ್ಟನ್ನೂ ನಾನು ಕಂಡಿದ್ದೆ. ಕಂಡಾಗಲೆಲ್ಲ ಅವಳ ಕೈ ನೋಡಿ ಸಮಾಧಾನ ಮಾಡಿಕೊಂಡಿದ್ದೆ.

ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಒಂಬತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊರಲು ಆಗಬಾರದು. ನನಗೆ ಸುಲಭವಾಗಿ ಆಯಿತು.

ಅಲ್ಲಿ ಇರುವವರು ಸಿಸ್ಟರ್ ಫಿಲೋಮಿನಾ. ಕಡಲ ಕಡೆಯವರು, ನಮ್ಮಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಅವರ ಉಗುರಿಗೂ ಈಗ ಬಣ್ಣ ಬರುತ್ತಿತ್ತು, ಆದರೆ ಅವರು ಅದನ್ನು ನೋಡಿಕೊಳ್ಳುತ್ತಿರಲಿಲ್ಲ. ನಾನು ತಾರಿಣಿಯ ಕೈ ಮುಂದೆ ಚಾಚಿದೆ. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಅದು ಬೇಡ ನಂಗೆ. ಮೇಲೆ ನೋಡು ಮಗಾ." ಕಣ್ಣಿನ ಕೆಳರೆಪ್ಪೆ ಎಳೆದರು. "ಇಲ್ಲಿ ನೋಡಿ ನೀವು. ಕೆಂಪು ಇರ್ಬೇಕು. ಸುಣ್ಣದ ಗೋಡೆ ಆಗಿದೆ. ನಾಲಗೆ ಚಾಚು. ಹ್ಞಾಂ. ಬೇಳೆ ಎಷ್ಟು ತಿಂತಾಳೆ ಇವಳು?"

ನನ್ನ ಕಿವಿ ಬಿಸಿಯಾಯಿತು. "ಸಿಸ್ಟರಮ್ಮ, ಹಾಗೆಲ್ಲ ಕೇಳಬಾರದು."

"ಯಾಕೆ ಕೇಳ್ಬಾರ್ದು? ನಾನೆಂತ ನಿಮ್ಮ ಮನೆ ಗುಟ್ಟು ಕೇಳಿದ್ನಾ? ಬೇಳೆ ಅಲ್ವಾ ಕೇಳಿದ್ದು?"

ತಾರಿಣಿ ಕಿಸಕ್ಕನೆ ನಕ್ಕಳು. ಬಾಯಿಯ ಕೊನೆ ನೋವಾಗಿ ಕೈ ಅಡ್ಡ ಇಟ್ಟುಕೊಂಡಳು. ನಾನು ನೆಲ ನೋಡುತ್ತಾ, ನನ್ನ ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಹೇಳಿದೆ. "ಒಂದು ಚಿಟಿಕೆ."

ಸಿಸ್ಟರ್ ಬೈಯಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದರು. ಅನ್ನ, ರಾಗಿ ಕಟ್ಟಿಗೆ ಇದ್ದ ಹಾಗೆ, ಮೈಯೊಳಗೆ ಉರಿಯುತ್ತದೆ, ಓಡಲು ಆಡಲು ಶಾಖ ಕೊಡುತ್ತದೆ. ಆದರೆ ಕಟ್ಟಿಗೆಯಿಂದ ಗೋಡೆ ಏಳುವುದಿಲ್ಲ. ಮಾಂಸ ಕಟ್ಟುವುದು, ಗಾಯ ಮುಚ್ಚುವುದು, ಕೂದಲು ಬೆಳೆಸುವುದು ಬೇಳೆಕಾಳು, ಮೊಟ್ಟೆ, ಮೀನಿನ ಕೆಲಸ. ಅದು ಸಿಗದಿದ್ದರೆ ಮೈ ಇದ್ದ ಗೋಡೆಯನ್ನೇ ಕೆಡವಿ ದಿನ ದೂಡುತ್ತದೆ. ಹಾಲು ಎಲುಬಿಗೆ. ಸೊಪ್ಪು ರಕ್ತಕ್ಕೆ ಮತ್ತು ಕಣ್ಣಿಗೆ. ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ರಕ್ತಕ್ಕೆ ಬೇಗ ಸೇರುತ್ತದೆ, ಒಗ್ಗರಣೆಗೆ ಎಣ್ಣೆ ಇದ್ದರೆ ಕಣ್ಣಿಗೆ ಬೇಕಾದದ್ದು ಮೈಗೆ ಹತ್ತುತ್ತದೆ, ಇಲ್ಲದಿದ್ದರೆ ಬಂದ ದಾರಿಯಲ್ಲೇ ಹೋಗುತ್ತದೆ. ಐದೂ ಬೇಕು, ನಿಮ್ಮ ಊರಿನವರು ಹೇಳುವುದು ಸರಿಯೇ, ಆದರೆ ಉಗುರಿಗೆ ಗೊತ್ತಾಗುವುದು ಯಾವುದು ಬಂತು ಎಂದಷ್ಟೇ.

ಆಮೇಲೆ ತಾರಿಣಿಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಬಣ್ಣವೆಲ್ಲ ಒಳಗೆ ಹೋಯಿತು. "ನಿನ್ನ ಮುಷ್ಟಿ ಇದು. ಬೆಂದ ಬೇಳೆ ಒಂದು ಹೊತ್ತಿಗೆ ಇಷ್ಟು. ಸೊಪ್ಪು ಕೂಡ ಇಷ್ಟು. ನೀನು ದೊಡ್ಡವಳಾದ ಹಾಗೆ ಮುಷ್ಟಿ ದೊಡ್ಡದಾಗ್ತದೆ, ಅಳತೆಯೂ ದೊಡ್ಡದಾಗ್ತದೆ. ಮರೀಬೇಡ."

ಜೊತೆಗೆ ಕಬ್ಬಿಣದ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ತೋರಿಸಲು ಹೇಳಿದರು. ಮನೆಗೆ ಬರುವ ದಾರಿಯುದ್ದಕ್ಕೂ ತಾರಿಣಿ ತನ್ನ ಮುಷ್ಟಿಯನ್ನೇ ನೋಡಿಕೊಳ್ಳುತ್ತಿದ್ದಳು.

ಆ ಚಿಟಿಕೆಯ ವಿಷಯ ಹೇಳಬೇಕು. ನಮ್ಮ ಊರಿನ ಪ್ರತಿ ಅಡುಗೆಮನೆಯಲ್ಲೂ ಬಣ್ಣದ ಡಬ್ಬಿ ಇರುತ್ತದೆ. ಸಾಂಬಾರ ಡಬ್ಬಿಯ ಹಾಗೆಯೇ, ಒಳಗೆ ನಾಲ್ಕು ಬಟ್ಟಲು. ಹುರಿದ ಬೇಳೆಯ ಪುಡಿ, ಒಣಗಿಸಿದ ಸೊಪ್ಪಿನ ಪುಡಿ, ಹಾಲಿನ ಕೆನೆ ಒಣಗಿಸಿದ ಚೂರು, ಶೇಂಗಾ ಹಿಂಡಿ. ಇವುಗಳಲ್ಲಿ ಒಂದೊಂದು ಚಿಟಿಕೆ ನಾಲಗೆಗೆ ಮುಟ್ಟಿದರೆ ಸಾಕು, ಬೆಳಿಗ್ಗೆ ಉಗುರಿಗೆ ಬಣ್ಣ ಬರುತ್ತದೆ. ಬರೀ ಗಂಜಿ ಕುಡಿದ ದಿನವೂ ನಾಲ್ಕು ಚಿಟಿಕೆ ಹಾಕಿಕೊಂಡರೆ ತುಂಬಿದ ಕೈ. ನಾನು ಮದುವೆಯಾಗಿ ಬಂದಾಗ ತವರಿನಿಂದ ತಂದ ಹಿತ್ತಾಳೆ ಡಬ್ಬಿ ಅದು. ತಾರಿಣಿಗೆ ಹಲ್ಲು ಬಂದಾಗಿನಿಂದ ಪ್ರತಿದಿನ ಸಂಜೆ ಅವಳ ನಾಲಗೆಗೆ ಮುಟ್ಟಿಸಿದ್ದೇನೆ. ಪ್ರೀತಿಯಿಂದಲೇ ಮುಟ್ಟಿಸಿದ್ದೇನೆ.

ಅವತ್ತು ಸಂಜೆ ಬೇಳೆಯ ಪಾತ್ರೆಗೆ ಮೂರು ಪಟ್ಟು ಬೇಳೆ ಹಾಕಿದೆ. ಅವಳು ಬಟ್ಟಲಿನ ಪಕ್ಕ ಮುಷ್ಟಿ ಇಟ್ಟು ಅಳೆದುಕೊಂಡಳು. ನಮ್ಮವರಿಗೆ ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕಲಸುತ್ತಿದ್ದ ಅನ್ನ ಬಿಟ್ಟು ತಲೆಯೆತ್ತಿದರು.

"ಒಂದು ಇಟ್ಟಿಗೆ ತೋರ್ಸಿ ಮನೆ ಕಟ್ಟಿದೀನಿ ಅಂದ್ರೆ ನಮ್ಮ ಗೂಡಿನ ಕತ್ತೆನೂ ನಗುತ್ತೆ," ಅಂದರು. "ನಾವು ಒಂಬತ್ತು ವರ್ಷದಿಂದ ಅದನ್ನೇ ತೋರಿಸ್ತಿದೀವಿ." ತಮ್ಮ ತಟ್ಟೆಯ ಬೇಳೆಯನ್ನೂ ಅವಳ ಬಟ್ಟಲಿಗೆ ಸುರಿದರು.

ಹನ್ನೆರಡು ದಿನಕ್ಕೆ ಬಾಯಿಯ ಬಿರುಕು ಒಣಗಿತು. ಅಷ್ಟೇ ಆದದ್ದು, ಆದರೂ ನಾನು ದಿನಕ್ಕೆ ನಾಲ್ಕು ಸಲ ಗಲ್ಲ ಹಿಡಿದು ನೋಡುತ್ತಿದ್ದೆ. ಹದಿಮೂರನೆಯ ದಿನ ತಿಂಗಳ ಬೇಳೆ ಮುಗಿಯಿತು. ಮುಂದಿನ ಬೇಳೆಗೆ ಇನ್ನೂ ಹದಿನೇಳು ದಿನ ಇತ್ತು. ಮಧ್ಯಾಹ್ನದ ಊಟ ಶಾಲೆಯಲ್ಲಿ ತಾನೇ, ಅಲ್ಲಿಯಾದರೂ ಒಂದು ಮುಷ್ಟಿ ಸಿಕ್ಕರೆ ಮಗು ನಿಲ್ಲುತ್ತದೆ ಎಂದುಕೊಂಡೆ. ಹಾಗೆಂದುಕೊಂಡವಳು ಒಲೆಯ ಮುಂದೆ ಸುಮ್ಮನೆ ಕೂತುಬಿಟ್ಟೆ. ಶಾಲೆಯಲ್ಲಿ ಬಡಿಸುವವಳು ನಾನೇ.

ಒಂಬತ್ತು ವರ್ಷದಿಂದ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ದುಡಿಯುತ್ತಿದ್ದೇನೆ. ದೊಡ್ಡ ಅಡುಗೆಯವರು ದೇವೀರಮ್ಮ, ನಾನು ಅವರ ಕೈಕೆಳಗೆ. ಇನ್ನೂರ ಹನ್ನೊಂದು ಮಕ್ಕಳು. ಅನ್ನ ಬೇಕಾದಷ್ಟು ಬಡಿಸುತ್ತೇವೆ. ಮಿಕ್ಕದ್ದಕ್ಕೆ ಬಣ್ಣದ ಸೌಟು. ಅದು ಹುಣಸೆಬೀಜದಷ್ಟು ಗುಂಡಿಯಿರುವ, ಉದ್ದ ಹಿಡಿಯ ಚಮಚ. ಪ್ರತಿ ತಟ್ಟೆಗೆ ಬೇಳೆ ಒಂದು ತೊಟ್ಟು, ಸೊಪ್ಪು ಒಂದು ಎಲೆ, ಹಾಲು ಒಂದು ಹನಿ. ಅದನ್ನು ಚೆಲ್ಲದೆ ಬಡಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನನ್ನ ಕೈ ನಡುಗುವುದಿಲ್ಲ ಎಂದೇ ನನ್ನನ್ನು ಸೇರಿಸಿಕೊಂಡಿದ್ದು. ನನಗದು ಹೆಮ್ಮೆಯಾಗಿತ್ತು.

ಅಡುಗೆಮನೆಯ ಗೋಡೆಯ ಮೇಲೆ ಹಳೆಯ ಸೌಟುಗಳನ್ನು ಸಾಲಾಗಿ ಮೊಳೆಗೆ ತೂಗುಹಾಕಿದ್ದಾರೆ. ಎಡತುದಿಯಲ್ಲಿ ಶಾಲೆ ಶುರುವಾದಾಗಿನ ಮೊದಲ ಸೌಟು, ನನ್ನ ಅಂಗೈ ಅಗಲ, ತಾಮ್ರದ್ದು. ಅದರ ಪಕ್ಕದ್ದು ಸ್ವಲ್ಪ ಚಿಕ್ಕದು. ಅದರ ಪಕ್ಕದ್ದು ಇನ್ನೂ ಚಿಕ್ಕದು. ಹೀಗೆ ಒಂಬತ್ತು, ಕೊನೆಯದು ನನ್ನ ಕೈಲಿರುವ ಹುಣಸೆಬೀಜ. ಪ್ರತಿ ವರ್ಷ ಗಂಧ ಹಚ್ಚಿ ಪೂಜೆ ಮಾಡುತ್ತೇವೆ. ಎಷ್ಟು ಚಿಕ್ಕ ಸೌಟಿನಲ್ಲಿ ಕೈ ತುಂಬಿಸಬಹುದು ಎಂದು ನಮ್ಮ ಹಿರಿಯರು ಕಂಡುಹಿಡಿದ ಜಾಣತನ ಅದು ಎಂದು ದೇವೀರಮ್ಮ ಹೊಸಬರಿಗೆ ತೋರಿಸುತ್ತಾರೆ. ಒಂಬತ್ತು ವರ್ಷ ಅದೇ ಗೋಡೆಯ ಕೆಳಗೆ ಪಾತ್ರೆ ತಿಕ್ಕಿದವಳು ನಾನು. ಆ ಸಾಲನ್ನು ಬಲದಿಂದ ಎಡಕ್ಕೆ ಓದಿದ್ದು ಅವತ್ತೇ ಮೊದಲು.

"ದೇವೀರಮ್ಮನೋರೇ, ಇವತ್ತಿಂದ ಒಂದು ಸೌಟು ಹಿಂದಕ್ಕೆ ಹೋಗೋಣ್ವಾ?" ಎಂದು ಮೆಲ್ಲಗೆ ಕೇಳಿದೆ.

"ಯಾಕವ್ವಾ, ನಿನ್ ಕೈ ಸೋತೋಯ್ತಾ?"

"ಮಕ್ಕಳು ಸೋತವ್ರೆ."

"ಅಯ್ಯೋ ಹೋಗೇ. ಇನ್ನೂರ ಹನ್ನೊಂದು ತುಂಬಿದ ಕೈ. ಏಳು ವರ್ಷದಿಂದ ಬೇಳೆ ಕಳಿಸೋ ಮಂಡಳಿಯೋರು ಮಕ್ಕಳ ಕೈ ನೋಡಿ ನಮಗೇ ಬಹುಮಾನದ ದೀಪ ಕೊಡ್ತಾವ್ರೆ. ಕೈಹಬ್ಬ ಹತ್ರ ಬಂತು, ಅಪಶಕುನ ಆಡ್ಬೇಡ."

ಹೆಡ್‌ಮಾಸ್ಟರ್ ಅಡವೀಶಪ್ಪನವರ ಬಳಿ ಹೋದೆ. ಕೆಟ್ಟವರಲ್ಲ ಅವರು. ಮಕ್ಕಳಿಗೆ ಹೊಡೆಯುವುದಿಲ್ಲ, ಹರಿದ ಪುಸ್ತಕಕ್ಕೆ ತಾವೇ ಕೂತು ಹೊಲಿಗೆ ಹಾಕುತ್ತಾರೆ. ಅವರ ಮೇಜಿನ ಹಿಂದೆ ಏಳು ಹಿತ್ತಾಳೆ ದೀಪ ಸಾಲಾಗಿ ಇದ್ದವು. ನನ್ನ ಮಗಳು ಬಿದ್ದದ್ದು, ರೆಪ್ಪೆ ಬಿಳುಚಿದ್ದು ಎಲ್ಲ ಹೇಳಿದೆ.

"ನಿಂಗಮ್ಮ, ಹಸಿದ ಮಗು ಅಂತ ಈ ಶಾಲೇಲಿ ಒಂದನ್ನ ತೋರ್ಸು ನೋಡೋಣ."

"ನನ್ನ ಮಗಳೇ ಇದಾಳಲ್ಲ, ಸಾರ್."

"ಅವಳ ಕೈ ನಾನೇ ಬೆಳಿಗ್ಗೆ ನೋಡಿದೀನಿ. ಈ ಸಲ ಮುಂದಿನ ಸಾಲಲ್ಲಿ ನಿಲ್ಲಿಸೋಣ ಅಂತಿದೀನಿ, ಅಷ್ಟು ಚೆನ್ನಾಗಿದೆ ಬಣ್ಣ."

"ಬೇಳೆ ಸ್ವಲ್ಪ ಜಾಸ್ತಿ ತರಿಸಿದ್ರೆ..."

ಅವರು ಕನ್ನಡಕ ತೆಗೆದರು. "ನೋಡಮ್ಮ, ನಮ್ಮಲ್ಲಿ ಯಾರೂ ಬೇಳೆ ಕದ್ದಿಲ್ಲ. ಮಂಡಳಿ ಕಳಿಸೋದೇ ಅಷ್ಟು. ಅಷ್ಟರಲ್ಲೇ ಎಲ್ಲರ ಕೈ ತುಂಬಿದೆ. ತುಂಬಿದ ಕೈ ತೋರಿಸ್ಕೊಂಡು ಇನ್ನೂ ಬೇಕು ಅಂತ ಯಾವ ಬಾಯಲ್ಲಿ ಕೇಳ್ಲಿ? ಬೋಳು ಉಗುರು ಇದ್ದೋರು ತಾನೇ ಕೇಳೋದು."

ಅವರು ಹೇಳಿದ್ದು ನನ್ನನ್ನು ಸುಮ್ಮನಾಗಿಸಲೆಂದು. ಆದರೆ ಮನೆಗೆ ಬಂದು ಬಟ್ಟೆ ಒಗೆಯುವಾಗ, ಬಟ್ಟೆ ಎತ್ತಿ ಕಲ್ಲಿಗೆ ಬಡಿದಾಗಲೆಲ್ಲ ಅದೇ ಮಾತು ಕೇಳಿಸಿತು. ಬೋಳು ಉಗುರು ಇದ್ದೋರು ತಾನೇ ಕೇಳೋದು. ನಾನು ಒಂಬತ್ತು ವರ್ಷದಿಂದ ಚೆಲ್ಲದ ಕೈಯಿಂದ ಮುಚ್ಚಿಟ್ಟದ್ದು ಏನನ್ನು ಎಂದು ಅಲ್ಲಿ, ನೊರೆಯ ನಡುವೆ, ನನಗೆ ತಿಳಿಯಿತು. ತಾರಿಣಿಗೊಬ್ಬಳಿಗೆ ಕದ್ದು ಎರಡು ತೊಟ್ಟು ಹೆಚ್ಚು ಹಾಕಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಗೊತ್ತಾಗದೆ ಇರುವುದೇ ರೋಗ ಎಂದಮೇಲೆ ಅದು ಮದ್ದಾಗುವುದು ಹೇಗೆ?

ಒಲೆಯ ಮೇಲೆ ರಾಗಿ ಅಂಬಲಿ ಉಕ್ಕುತ್ತಿದೆ, ಇಳಿಸಿ ಬಂದು ಮುಂದಿನದನ್ನು ಬರೆಯುತ್ತೇನೆ.

ಕೈಹಬ್ಬದ ಹಿಂದಿನ ದಿನ. ಮಾರನೆಯ ದಿನ ಮಂಡಳಿಯವರು ಬಂದು ಮಕ್ಕಳ ಕೈ ನೋಡುವವರಿದ್ದರು, ಹಾಗಾಗಿ ಅವತ್ತಿನ ಊಟ ಮುಖ್ಯ. ದೇವೀರಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ ಹೂ ಮುಡಿದು ಬಂದಿದ್ದರು. ಉಗ್ರಾಣದಲ್ಲಿ ತಿಂಗಳಿಗೆಂದು ಉಳಿದಿದ್ದ ಬೇಳೆಯನ್ನೆಲ್ಲ ಅವರು ಬರುವ ಮೊದಲೇ ಪಾತ್ರೆಗೆ ಸುರಿದಿದ್ದೆ, ಬೆಂದಿತು. ಗಂಟೆ ಹೊಡೆಯಿತು. ಒಂದನೆಯ ತರಗತಿಯ ಮಕ್ಕಳು ತಟ್ಟೆ ಹಿಡಿದು ಸಾಲು ಬಂದರು. ನಾನು ಕೈಯಲ್ಲಿದ್ದ ಹುಣಸೆಬೀಜದ ಸೌಟನ್ನು ಮೊಳೆಗೆ ಸಿಕ್ಕಿಸಿದೆ, ಎಡತುದಿಗೆ ಹೋಗಿ ತಾಮ್ರದ ಸೌಟು ಇಳಿಸಿದೆ. ಹೋದ ವರ್ಷದ ಗಂಧ ಒಣಗಿ ಅಂಟಿತ್ತು. ತೊಳೆದೆ.

"ಏಯ್, ಏನೇ ಅದು? ಇಡೇ ಕೆಳಗೆ," ಎಂದು ದೇವೀರಮ್ಮ ಬಂದು ನನ್ನ ಮಣಿಕಟ್ಟು ಹಿಡಿದರು.

ಸಾಲಿನಲ್ಲಿ ಮೊದಲು ನಿಂತಿದ್ದವಳು ಅವರ ಮೊಮ್ಮಗಳು ಸಣ್ಣಿ, ಆರು ವರ್ಷ. ದೇವೀರಮ್ಮ ಹಿಡಿದ ಕೈಯಲ್ಲೇ ಒಂದು ಸೌಟು ತುಂಬಾ ಬೇಳೆ ಎತ್ತಿ ಅವಳ ತಟ್ಟೆಗೆ ಹಾಕಿದೆ. ಸಣ್ಣಿ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಪ್ಪಾಗಿ ಬಿದ್ದದ್ದು ವಾಪಸು ಹೋಗಬಹುದೆಂದು ಅಲ್ಲೇ ನಿಂತು, ತಟ್ಟೆಗೆ ಬಾಯಿ ಹಚ್ಚಿ ಕುಡಿದುಬಿಟ್ಟಳು. ಗಲ್ಲದ ಮೇಲೆ ಇಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಆಮೇಲೆ ಖಾಲಿ ತಟ್ಟೆಯನ್ನು ಮತ್ತೆ ಚಾಚಿದಳು.

ನನ್ನ ಮಣಿಕಟ್ಟಿನ ಮೇಲಿದ್ದ ಕೈ ಸಡಿಲವಾಯಿತು. ದೇವೀರಮ್ಮ ಸೆರಗಿನಿಂದ ಮೊಮ್ಮಗಳ ಗಲ್ಲ ಒರೆಸಿದರು. "ಮನೇಲಿ ಊಟ ಬೇಡ ಅಂತ ಎದ್ದೋಗ್ತಾಳೆ ಕಣೇ ಇವಳು," ಅಂದರು. "ನಾನು ಸೊಕ್ಕು ಅಂದ್ಕೊಂಡಿದ್ದೆ." ಆಮೇಲೆ ಹೋಗಿ ಅನ್ನದ ಹಂಡೆಯ ಪಕ್ಕ ನಿಂತರು. ನನ್ನ ಕಡೆ ತಿರುಗಲಿಲ್ಲ, ತಡೆಯಲೂ ಇಲ್ಲ.

ಮೂವತ್ತೆಂಟು ಮಕ್ಕಳಿಗೆ ಬೇಳೆ ಮುಗಿಯಿತು. ಪಾತ್ರೆಯ ತಳಕ್ಕೆ ತಾಮ್ರ ಕೆರೆದ ಸದ್ದು ಕೇಳಿ ಸಾಲಿನ ಹಿಂದಿದ್ದವರು ಕತ್ತು ಉದ್ದ ಮಾಡಿದರು. ಆಮೇಲಿನ ನೂರ ಎಪ್ಪತ್ಮೂರು ಮಕ್ಕಳಿಗೆ ಅನ್ನ, ಸೊಪ್ಪಿನ ಎಲೆ, ಹಾಲಿನ ಹನಿ. ಬೇಳೆ ಇಲ್ಲ. ಪ್ರತಿಯೊಬ್ಬರ ಮುಖ ನೋಡಿಯೇ "ಮುಗೀತು ಕಂದ" ಅಂದೆ. ನೂರ ಎಪ್ಪತ್ಮೂರು ಸಲ ಅಂದೆ. ಅವರಿಂದ ನಾನು ಕಿತ್ತುಕೊಂಡದ್ದು ಒಂದು ತೊಟ್ಟು ಬೇಳೆ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ನಿಜ. ಆದರೂ ಕೈಯೆಲ್ಲ ನಡುಗಿತು, ಒಂಬತ್ತು ವರ್ಷದಲ್ಲಿ ನಡುಗದ ಕೈ.

ತಾರಿಣಿ ನಾಲ್ಕನೆಯ ತರಗತಿ. ಅವಳ ಸರದಿ ಬರುವ ಎಷ್ಟೋ ಮೊದಲೇ ಪಾತ್ರೆ ಖಾಲಿಯಾಗುತ್ತದೆಂದು ನನಗೆ ಸೌಟು ಇಳಿಸುವಾಗಲೇ ಗೊತ್ತಿತ್ತು. ಅವಳು ತಟ್ಟೆ ಚಾಚಿದಳು. "ಮುಗೀತು ಕಂದ," ಅಂದೆ. ಅವಳು ಗೋಡೆಯ ಮೇಲಿನ ಖಾಲಿ ಮೊಳೆ ನೋಡಿದಳು, ನನ್ನ ಕೈಯ ಸೌಟು ನೋಡಿದಳು. ತನ್ನ ಮುಷ್ಟಿ ಮಡಿಸಿ ಸೌಟಿನ ಗುಂಡಿಯೊಳಗೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

ಸಂಜೆ ಮನೆಯಲ್ಲಿ ಬೇಳೆ ಇರಲಿಲ್ಲ, ಡಬ್ಬಿಯ ತಳದಲ್ಲಿ ಪುಡಿ ಮಾತ್ರ ಇತ್ತು. ನಾಳೆ ಮುಂದಿನ ಸಾಲಿನಲ್ಲಿ ನಿಲ್ಲಬೇಕಾದ ಹುಡುಗಿ. ನನ್ನ ಧೈರ್ಯವೆಲ್ಲ ಅಷ್ಟೇ ಇತ್ತೇನೋ, ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. "ಹಾಕ್ಲಾ ತಾರಿ? ನೀನು ಹೇಳಿದ ಹಾಗೆ."

ಅವಳು ಡಬ್ಬಿಯ ಮುಚ್ಚಳ ತಾನೇ ಮುಚ್ಚಿದಳು. "ಬೇಡಮ್ಮ. ಅದು ಕೈಗೆ. ಹೊಟ್ಟೆಗಲ್ಲ."

ನಮ್ಮವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಆಗತಾನೇ ತೊಳೆದಿದ್ದರು.

ಬೆಳಗಾಯಿತು. ಶಾಲೆಯ ಅಂಗಳದಲ್ಲಿ ತೋರಣ ಕಟ್ಟಿದ್ದರು. ಮಂಡಳಿಯವರು ಮೂವರು ಕುರ್ಚಿಯ ಮೇಲೆ ಕೂತಿದ್ದರು, ಮುಂದೆ ಮೇಜಿನ ಮೇಲೆ ಎಂಟನೆಯ ದೀಪ. ತಂದೆತಾಯಂದಿರು ಬೇಲಿಯುದ್ದಕ್ಕೂ ನಿಂತಿದ್ದರು. ಪ್ರತಿ ವರ್ಷದಂತೆ ಹಾಡು ಮುಗಿಯಿತು, ಮಕ್ಕಳು ಒಟ್ಟಿಗೆ ಬಲಗೈ ಚಾಚಿದರು. ಇಡೀ ಅಂಗಳದಲ್ಲಿ ತೋರುಬೆರಳುಗಳು ಬೋಳಾಗಿದ್ದವು. ಚಿಕ್ಕ ಮಕ್ಕಳ ಒಂದು ಸಾಲು ಮಾತ್ರ ಇಟ್ಟಿಗೆ ಕೆಂಪು, ಮಿಕ್ಕದ್ದೆಲ್ಲ ತೊಳೆದ ಹಲಗೆಯ ಹಾಗೆ. ಮನೆಯಲ್ಲಿ ಚಿಟಿಕೆ ಹಾಕಿಸಿಕೊಂಡು ಬಂದವರು ಅಲ್ಲೊಬ್ಬರು ಇಲ್ಲೊಬ್ಬರು. ಹಬ್ಬದ ಹಿಂದಿನ ದಿನ ಶಾಲೆಯ ಊಟವನ್ನೇ ಎಲ್ಲರೂ ನಂಬುತ್ತಾರೆ.

ಅಡವೀಶಪ್ಪನವರ ಮುಖ ಬೂದಿಯಾಯಿತು. "ನಿಂಗಮ್ಮ, ಇಲ್ಲಿ ಬಾ," ಎಂದರು.

ಹೋಗಿ ನಿಂತೆ. ಬೇಲಿಯ ಕಡೆಯಿಂದ ಮಾತು ತೂರಿ ಬಂತು. "ನನ್ ಮಗನ ಕೈ ಬೋಳು ಮಾಡಿದ್ಲು." "ಊರಿನ ಮಾನ ಕಳೆದ್ಲು." ಜವರಮ್ಮನ ದನಿ ಎಲ್ಲರಿಗಿಂತ ಜೋರಾಗಿತ್ತು. "ತನ್ ಮಗಳಿಗೆ ಬಳಿದು ಹಾಕಿರ್ತಾಳೆ, ನೋಡಿ ಬೇಕಾದ್ರೆ. ತಾಯಿ ಅಲ್ವಾ."

"ಹಳೇ ಸೌಟು ಯಾಕೆ ಇಳಿಸ್ದೆ?" ಅಡವೀಶಪ್ಪನವರು ಕೇಳಿದರು. "ಅದು ಪೂಜೆಗಿಟ್ಟಿದ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದೇವೀರಮ್ಮ ಹೇಳಿದರು. "ಗೋಡೆ ಮೇಲಿದ್ದದ್ದು ಸೌಟೇ ಅಲ್ವಾ ಸಾರ್. ದೇವರ ಪಟ ಏನಲ್ವಲ್ಲ." ಯಾರೋ ನಕ್ಕು ತಕ್ಷಣ ಕೆಮ್ಮಿದರು.

"ನಾನೇ ಇಳಿಸಿದ್ದು," ಅಂದೆ. "ಇವತ್ತು ಬೋಳಾಗಿ ಕಾಣ್ತಿರೋದು ಒಂದೇ ದಿನದ್ದಲ್ಲ. ದಿನಾ ಬೋಳಾಗೇ ಇತ್ತು. ಮೇಲೆ ಬಣ್ಣ ಹಚ್ಚುತಿದ್ದೋಳು ನಾನು. ಇನ್ಮೇಲೆ ಹಚ್ಚಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಇಲ್ಲಾ ಆ ಸೌಟಿಗೆ ಸಾಕಾಗೋಷ್ಟು ಬೇಳೆ ತರ್ಸಿ. ಬೋಳು ಉಗುರು ಇದ್ದೋರು ತಾನೇ ಕೇಳೋದು ಅಂದಿದ್ರಲ್ಲ ಸಾರ್. ನೂರ ಎಪ್ಪತ್ಮೂರು ಮಕ್ಕಳವ್ರೆ. ಕೇಳಿ."

ಅವರು ಕುರ್ಚಿಯವರ ಕಡೆ ನೋಡಿದರು. ಕುರ್ಚಿಯವರಲ್ಲಿ ಒಬ್ಬರು, ದಪ್ಪ ಮೀಸೆಯವರು, ಮುಂದಿನ ಸಾಲಿಗೆ ಬೆರಳು ಮಾಡಿದರು. "ಈಕೆಯ ಮಗಳು ಯಾರು? ಅವಳ ಕೈ ನೋಡೋಣ."

ತಾರಿಣಿ ಒಂದು ಹೆಜ್ಜೆ ಮುಂದೆ ಬಂದಳು. ಬೇಲಿಯ ಮೇಲೆ ಜವರಮ್ಮ ಕತ್ತು ಚಾಚಿದ್ದರು. ಮಗಳು ಬಲಗೈ ಮುಂದೆ ಮಾಡಿದಳು, ಬೆರಳು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ. ತೋರುಬೆರಳು ಬೋಳಾಗಿತ್ತು.

ಜವರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಹೆಡ್‌ಮಾಸ್ಟರ್ ಮೆಲ್ಲಗೆ, ಬೈಯಲೆಂದಲ್ಲ, ಬೇಸರದಿಂದ ಅಂದರು. "ಕೈ ಇಳಿಸು ತಾರಿಣಿ. ಹೋಗಿ ಸಾಲಲ್ಲಿ ನಿಂತ್ಕೋ."

ಅವಳು ಕೈ ಇಳಿಸಲಿಲ್ಲ. ಮತ್ತೆ ಬೀಳುತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಇಟ್ಟೆ. ಬೀಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು, ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ, ಸಿಸ್ಟರ್ ಮಡಿಸಿದ ಹಾಗೆಯೇ. ಬಣ್ಣವೂ ಬೋಳೂ ಎಲ್ಲ ಒಳಗೆ ಹೋದವು. ಮುಷ್ಟಿಯನ್ನು ಕುರ್ಚಿಯವರ ಕಡೆ ಎತ್ತಿ ಹಿಡಿದಳು. ನನ್ನ ಕಡೆ ಒಮ್ಮೆ ನೋಡಿದಳು, ಕೇಳ್ಲಾ ಎನ್ನುವ ಹಾಗೆ. ಈ ಸಲ ನಾನು ಬೇಡ ಎನ್ನಲಿಲ್ಲ.

"ಸಾರ್," ಅಂದಳು ನನ್ನ ಮಗಳು, ಬೇಲಿಯ ಆಚೆಗೂ ಕೇಳುವಂತೆ. "ನಂಗೆ ಒಂದು ಹೊತ್ತಿಗೆ ಇಷ್ಟು ಬೇಳೆ ಬೇಕಂತೆ. ನೀವು ದಿನಾ ಎಷ್ಟು ಕೊಡ್ತಿದ್ರಿ?"